ಆಟ ನಿಂತಿದೆ, ಹಸಿವು ನಿಂತಿಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಹದಿನಾರು ವರ್ಷ ಕಬಡ್ಡಿ ಆಡಿದೆ, ಲೀಗ್ ತಂಡದಲ್ಲಿ ರೈಟ್ ಕಾರ್ನರ್ ಆಗಿದ್ದೆ. ಮಂಡಿಯ ಲಿಗಮೆಂಟ್ ಆಪರೇಷನ್ ಆದಮೇಲೆ ಯಾರೂ ಕರೆಯಲಿಲ್ಲ. ಆಟ ಬಿಟ್ಟು 14 ತಿಂಗಳಲ್ಲಿ 78 ಕಿಲೋ ಇದ್ದವನು 93 ಆಗಿದ್ದೇನೆ. ಬಿ.ಪಿ. 148/94 ಬಂತು. ಮಂಡಿನೋವಿಗೆ ದಿನಾ ಮಾತ್ರೆ ನುಂಗುತ್ತೇನೆ. ಈಗಲೂ ಬೆಳಗಿನ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಶೂ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತೇನೆ, ಎಲ್ಲಿಗೆ ಹೋಗಬೇಕೋ ತೋಚುವುದಿಲ್ಲ. ಟಿ.ವಿ.ಯಲ್ಲಿ ಕಬಡ್ಡಿ ಬಂದರೆ ಎದ್ದುಹೋಗುತ್ತೇನೆ. ಹೆಂಡತಿ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಇದು ಕಾಯಿಲೆಯೇ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಯಾವಾಗ ಏಳಬೇಕು, ಏನು ತಿನ್ನಬೇಕು, ಯಾರ ಜೊತೆ ಇರಬೇಕು ಎಂಬುದನ್ನೆಲ್ಲ ಹದಿನಾರು ವರ್ಷ ನಿಮಗೆ ಆಟವೇ ಹೇಳುತ್ತಿತ್ತು. ಅದನ್ನು ನೀವಾಗಿ ಬಿಡಲಿಲ್ಲ, ಮಂಡಿ ಬಿಡಿಸಿತು. ಹತ್ತಿರದವರನ್ನು ಕಳೆದುಕೊಂಡಾಗ ಆಗುವಂಥ ದುಃಖವೇ ಇದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮೊದಲು ಮೈಯ ವಿಚಾರ. ಬೆವರು ನಿಂತಿದೆ, ಆಟಗಾರನ ಹಸಿವು ಹಾಗೇ ಉಳಿದಿದೆ. ಎರಡು ಮುದ್ದೆ ಉಣ್ಣುವ ಕಡೆ ಒಂದು ಸಾಕು; ಸೊಪ್ಪು, ಕಾಳು, ಮೊಟ್ಟೆ ಇರಲಿ. ನಡೆಯುವಾಗ ಮೈಮೇಲಿನ ಒಂದು ಕಿಲೋ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರವಾಗಿ ಬೀಳುತ್ತದೆ. ತೂಕ ಇಳಿದಷ್ಟೂ ಮಂಡಿ ಹಗುರಾಗುತ್ತದೆ.

ನೀವು ನುಂಗುವ ಮಾತ್ರೆ ಯಾವುದು ನೋಡಿ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದವನ್ನು ದಿನಾ ತೆಗೆದುಕೊಂಡರೆ ಬಿ.ಪಿ. ಏರಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಆ ಶೀಟನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಬೇರೆ ಬೇರೆ ದಿನ ಬಿ.ಪಿ. ನೋಡಿಸಿ, ಶುಗರ್, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

ಜೊತೆಗೆ ವಾರಕ್ಕೆ 150 ನಿಮಿಷವಾದರೂ ಸೈಕಲ್, ಈಜು ಅಥವಾ ಬಿರುಸು ನಡಿಗೆ ಬೇಕು. ಬಿ.ಪಿ. ತೋರಿಸಿದ ಮೇಲೆ ನಿಧಾನವಾಗಿ ಶುರುಮಾಡಿ. ತೊಡೆಯ ಸ್ನಾಯು ಗಟ್ಟಿಯಾಗುವ ಕಸರತ್ತನ್ನು ಫಿಸಿಯೊಥೆರಪಿಸ್ಟ್ ಹತ್ತಿರ ಕಲಿತು ವಾರಕ್ಕೆರಡು ದಿನ ಮಾಡಿ.

ಇನ್ನು ಮನಸ್ಸು. ಇಲ್ಲಿ ಬರೆದದ್ದನ್ನು ಮೊದಲು ನಿಮ್ಮ ಮನೆಯವರಿಗೆ ಹೇಳಿ. ಸಿಟ್ಟಿನ ಹಿಂದೆ ಏನಿದೆ ಎಂದು ಪಾಪ ಅವರಿಗೆ ಗೊತ್ತಿರಲಿಕ್ಕಿಲ್ಲ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಕೆಟ್ಟರೆ, ಕುಡಿತ ಹೆಚ್ಚಿದರೆ ಮನೋವೈದ್ಯರನ್ನು ಕಾಣಲೇಬೇಕು. ಬದುಕು ಸಾಕೆನಿಸಿದರೆ ಒಂದು ಗಳಿಗೆಯೂ ಕಾಯಬೇಡಿ: ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ, ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ.

ನಾಲ್ಕೂವರೆಯ ಎಚ್ಚರವನ್ನು ಕಾಯಿಲೆ ಎನ್ನಬೇಡಿ, ಅದು ನಿಮ್ಮ ಗಳಿಕೆ. ನಮ್ಮ ರಾಜ್ಯದವರೇ ಆದ ಬಿ.ಸಿ. ರಮೇಶ್ ಆಟ ಮುಗಿಸಿ ಕೋಚ್ ಆದರು. 2024ರಲ್ಲಿ ಅವರ ಪುಣೇರಿ ಪಲ್ಟನ್ ಪ್ರೊ ಕಬಡ್ಡಿ ಗೆದ್ದಿತು. ನೀವು ಅಷ್ಟು ದೂರ ಹೋಗಬೇಕೆಂದೇನಿಲ್ಲ. ಊರಿನ ಹೈಸ್ಕೂಲ್ ಮೈದಾನ ಸಾಕು. ರೈಡರ್‌ನ ಮುಖ ನೋಡದೆ ಕಾಲು ನೋಡಿ ಹಿಡಿಯುವುದು ಹೇಗೆಂದು ನಾಲ್ಕು ಹುಡುಗರಿಗೆ ತೋರಿಸಿಕೊಡಿ. ಹಾರಬೇಡಿ, ಬೀಳಬೇಡಿ, ನಿಂತು ಹೇಳಿಕೊಟ್ಟರೆ ಸಾಕು. ಶೂ ಹೇಗೂ ಹಾಕಿಕೊಂಡೇ ಕೂತಿದ್ದೀರಿ.