ಬಾಲವಾಡಿ ಬಾಗಿಲಲ್ಲಿ ಅಳುವ ಮಗು: ಅಪ್ಪ-ಅವ್ವ ಏನು ಮಾಡಬೇಕು?

ಜೂನ್ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಊರೂರಲ್ಲಿ ಮೂರು ತುಂಬಿದ ಮಕ್ಕಳು ಅಂಗನವಾಡಿಯ ಹೊಸ್ತಿಲು ತುಳಿಯುತ್ತವೆ. ಹೊಸ ಅಂಗಿ, ನೀರಿನ ಬಾಟ್ಲಿ ಎಲ್ಲ ಸಿದ್ಧ. ಸಿದ್ಧವಾಗದೆ ಉಳಿಯುವವರು ಹೆತ್ತವರು. ನಾಲ್ಕು ದಿನ ಮಗು ಅತ್ತರೆ ‘ಮುಂದಿನ ವರ್ಷ ನೋಡೋಣ ಬಿಡು’ ಎಂದು ಬಿಡಿಸಿಬಿಡುವ ಮನೆಗಳು ಬೇಕಾದಷ್ಟಿವೆ. ಮಗುವಿನ ಅಳುವಿಗಿಂತ ಮೊದಲು ಗಟ್ಟಿಯಾಗಬೇಕಾದ್ದು ನಮ್ಮ ಮನಸ್ಸು.

ಎಲ್ಲಿಗೆ ಕಳಿಸುವುದು?

ಮೂರು ವರ್ಷದ ಕೂಸನ್ನು ಹಳ್ಳಿಯಿಂದ ಪೇಟೆಯ ಕಾನ್ವೆಂಟಿಗೆ ವ್ಯಾನ್ ಹತ್ತಿಸುವ ಅವಸರ ಬೇಡ. ನಡೆದು ಹೋಗುವಷ್ಟು ಹತ್ತಿರವಿರುವ ಜಾಗವೇ ಈ ವಯಸ್ಸಿಗೆ ಒಳ್ಳೆಯದು. 1975ರಲ್ಲಿ ದೇಶದ 33 ಕಡೆ ಪ್ರಯೋಗವಾಗಿ ಶುರುವಾದ ಯೋಜನೆಯಲ್ಲಿ ನಮ್ಮ ರಾಜ್ಯದ ಟಿ. ನರಸೀಪುರವೂ ಇತ್ತು, ಅಲ್ಲಿಂದ ಊರೂರಿಗೂ ಬಂದದ್ದು ಈ ಅಂಗನವಾಡಿ. ಅದನ್ನು ಬರೀ ಊಟ ಹಾಕುವ ಜಾಗವೆಂದು ತಿಳಿದವರು ಒಮ್ಮೆ ಒಳಗೆ ಹೋಗಿ ಕುಳಿತು ನೋಡಿ. ‘ಚಿಲಿಪಿಲಿ’ ಪಠ್ಯಕ್ರಮದ ಹಾಡು, ಕಥೆ, ಆಟ ಈ ವಯಸ್ಸಿನ ಓದೇ ಹೌದು.

ಹದಿನೈದು ದಿನ ಮುಂಚೆ

ಸಂಜೆ ಅಡ್ಡಾಡುತ್ತಾ ಮಗುವನ್ನು ಆ ಕಟ್ಟಡದ ಕಡೆ ಕರೆದೊಯ್ಯಿರಿ. ಟೀಚರನ್ನೂ ಸಹಾಯಕಿಯನ್ನೂ ಮಾತಾಡಿಸಿ. ನೀವು ಅವರೊಡನೆ ನಗುತ್ತಾ ಮಾತಾಡುವುದನ್ನು ಮಗು ನೋಡಲಿ. ‘ಹಟ ಮಾಡಿದ್ರೆ ಬಾಲವಾಡಿಗೆ ಹಾಕ್ತೀನಿ ನೋಡು’ ಎಂಬ ಬೆದರಿಕೆ ಮಾತ್ರ ಇಂದೇ ನಿಲ್ಲಲಿ. ಶಿಕ್ಷೆಯ ಜಾಗವೆಂದು ನಾವೇ ಹೇಳಿಕೊಟ್ಟ ಕಡೆಗೆ ಮಗು ಖುಷಿಯಿಂದ ಹೇಗೆ ಹೋದೀತು?

ತಾಂಡಾದ ಮಕ್ಕಳ ವಿಷಯದಲ್ಲಿ ಇನ್ನೊಂದು ಕೆಲಸವಿದೆ. ಮನೆಯಲ್ಲಿ ಲಂಬಾಣಿ ಕೇಳಿ ಬೆಳೆದ ಮಗು ‘ಯಾಡಿ’ ಎಂದು ಅತ್ತರೆ ಅವ್ವನನ್ನು ಕರೆಯುತ್ತಿದೆ ಎಂಬುದು ಟೀಚರಿಗೆ ಗೊತ್ತಿರಬೇಕು. ನೀರು, ಹಸಿವು, ಹೊಟ್ಟೆನೋವು, ಒಂದಕ್ಕೆ, ಎರಡಕ್ಕೆ ಇವಕ್ಕೆ ಮಗು ಬಳಸುವ ಮಾತುಗಳನ್ನು ಚೀಟಿಯಲ್ಲಿ ಬರೆಸಿ ಕೊಡಿ. ಉರ್ದು, ತೆಲುಗು ಮನೆಮಾತಿನವರೂ ಹೀಗೇ ಮಾಡಬಹುದು. ಹೇಳಿಕೊಳ್ಳಲಾಗದೆ ಚಡ್ಡಿ ಒದ್ದೆಯಾದ ಮಗು ಮರುದಿನ ಹೋಗಲು ಒಪ್ಪದಿರುವುದು ಸಹಜ.

ಮೊದಲ ವಾರ

ಮೊದಲ ದಿನ ಒಂದು ತಾಸು ಸಾಕು, ನೀವೂ ಅಲ್ಲೇ ಇರಿ. ಆಮೇಲೆ ಮಗು ಇರುವ ಹೊತ್ತನ್ನು ದಿನದಿನಕ್ಕೆ ಹೆಚ್ಚಿಸಿ, ನೀವಿರುವ ಹೊತ್ತನ್ನು ಕಡಿಮೆ ಮಾಡಿ. ಈ ಏರ್ಪಾಟನ್ನು ಮೊದಲೇ ಟೀಚರ ಜೊತೆ ಮಾತಾಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಮಗು ಆಟದಲ್ಲಿ ಮೈಮರೆತಾಗ ಕಣ್ಣುತಪ್ಪಿಸಿ ಓಡಿಬರಬೇಡಿ. ಆ ಹೊತ್ತಿಗೆ ಸುಲಭವೆನಿಸಿದರೂ ತಿರುಗಿ ನೋಡಿದಾಗ ಅವ್ವ ಇಲ್ಲದ್ದನ್ನು ಕಂಡ ಮಗು ಮರುದಿನ ಸೀರೆಯ ಸೆರಗು ಬಿಡುವುದಿಲ್ಲ. ಎದುರಿಗೇ ಹೇಳಿ: ‘ಊಟ ಆದ್ಮೇಲೆ ಬರ್ತೀನಿ.’ ಗಡಿಯಾರ ಗೊತ್ತಿಲ್ಲದ ಮಗುವಿಗೆ ಊಟವೇ ಗಡಿಯಾರ. ಹೇಳಿ ಹೊರಟ ಮೇಲೆ ಕಿಟಕಿಯಲ್ಲಿ ಇಣುಕಬೇಡಿ. ಹೇಳಿದ ಹೊತ್ತಿಗೆ ಬಂದೇ ಬನ್ನಿ. ಅಳು ನಿಲ್ಲಿಸಲು ಐದು ರೂಪಾಯಿಯ ಕುರುಕಲು ಪ್ಯಾಕೆಟ್ ಕೊಟ್ಟರೆ ಅದೇ ರೂಢಿಯಾಗುತ್ತದೆ, ಅಲ್ಲಿ ಕೊಡುವ ಹಾಲು-ಮೊಟ್ಟೆಯೂ ಸೇರುವುದಿಲ್ಲ.

ಹಡಗಲಿ ಕಡೆ ನಸುಕಿಗೇ ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುವ ತಾಯಂದಿರಿಗೆ ಬಿಟ್ಟುಬರುವ ಬಿಡುವೆಲ್ಲಿ? ಅಪ್ಪ ಬಿಡಲಿ, ಇಲ್ಲವೇ ಅಜ್ಜಿ. ಆದರೆ ಮೊದಲ ಹದಿನೈದು ದಿನ ದಿನಕ್ಕೊಬ್ಬರು ಬೇಡ, ಒಬ್ಬರೇ ಆಗಲಿ. ಮನೆಯಲ್ಲಿ ಮೂರು ತುಂಬದ ಇನ್ನೊಂದು ಕೂಸಿದ್ದರೆ ನಿಮ್ಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಇದೆಯೇ ಎಂದು ವಿಚಾರಿಸಿ. ಕೂಲಿಗೆ ಹೋಗುವ ತಾಯಂದಿರಿಗೆಂದೇ 2023-24ರಲ್ಲಿ ಶುರುವಾದ ಯೋಜನೆ ಅದು.

ಮನೆಗೆ ಬಂದ ಮೇಲೆ

‘ಏನು ಬರೆದೆ?’ ಎಂದು ಕೇಳಬೇಡಿ. ಮೂರು ವರ್ಷದ ಬೆರಳುಗಳು ಇನ್ನೂ ಪೆನ್ಸಿಲಿಗೆ ಬಲಿತಿರುವುದಿಲ್ಲ. ಪಕ್ಕದಲ್ಲಿ ಯಾರು ಕೂತಿದ್ದರು, ಯಾವ ಹಾಡು ಹೇಳಿದರು ಎಂದು ಕೇಳಿ. ರಾತ್ರಿ ಹಾಸಿಗೆ ಒದ್ದೆಯಾದರೆ, ಎತ್ತಿಕೋ ಎಂದು ಹಟ ಹಿಡಿದರೆ ಗದರಬೇಡಿ. ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಒಂದು ತಿಂಗಳಾದರೂ ದಿನವಿಡೀ ಅಳುತ್ತಿದ್ದರೆ, ಊಟ ಬಿಟ್ಟರೆ, ಯಾರಿಗಾದರೂ ಹೆದರುವಂತೆ ಕಂಡರೆ ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಿ, ಟೀಚರೊಂದಿಗೂ ಮಾತಾಡಿ. ಮಾತು ತಡವಾಗಿದೆ, ಕಿವಿ ಮಂದ ಎಂಬ ಸಂಶಯವಿದ್ದರೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವ ಬಾಲ ಸ್ವಾಸ್ಥ್ಯ ತಂಡದ ವೈದ್ಯರಿಗೆ ತೋರಿಸಿ.

ಗುಳೆ ಹೋಗುವವರಿಗೆ

ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರು ಹೊರಡುವ ಮುಂಚೆ ಟೀಚರಿಗೆ ತಿಳಿಸಿ. ತಾಯಿ ಕಾರ್ಡ್, ಮಗುವಿನ ಆಧಾರ್ ಜೊತೆಯಲ್ಲಿರಲಿ. ಹೋದ ಊರಿನ ಅಂಗನವಾಡಿಯಲ್ಲೂ ಮಗುವನ್ನು ಸೇರಿಸಬಹುದು. ಹೊಸ ಜಾಗದಲ್ಲಿ ಅಳು ಮತ್ತೆ ಬರುತ್ತದೆ, ಅದಕ್ಕೆ ಅಂಜಬೇಡಿ. ಮೈಲಾರದ ಜಾತ್ರೆ, ಕೊಟ್ಟೂರೇಶ್ವರನ ತೇರು ಎಂದು ವಾರಗಟ್ಟಲೆ ತಪ್ಪಿಸಿದ ಮೇಲೂ ಇದೇ ಕಥೆ. ಆಗೆಲ್ಲ ಎರಡು-ಮೂರು ದಿನ ಮೊದಲ ವಾರದ ಹಾಗೆಯೇ ಮಾಡಿ: ಸ್ವಲ್ಪ ಹೊತ್ತು ಜೊತೆಗಿರಿ, ಹೇಳಿ ಹೊರಡಿ, ಊಟವಾದ ಕೂಡಲೇ ಬಾಗಿಲಲ್ಲಿರಿ.