ಗಾಳಿ ತಿರುಗಿದಾಗ

ಗಾಳಿ ಬಂದಾಗ ತೂರಿಕೋ ಎಂಬುದು ನಮ್ಮ ಹಿರಿಯರ ಮಾತು. ಕಣದಲ್ಲಿ ಮೊರ ಹಿಡಿದು ನಿಂತ ರೈತನಿಗೆ ಈ ಮಾತಿನ ಇನ್ನೊಂದು ಮಗ್ಗುಲೂ ತಿಳಿದಿರುತ್ತದೆ. ಬೀಸುತ್ತಿದ್ದ ಗಾಳಿ ಒಮ್ಮೆಲೇ ದಿಕ್ಕು ಬದಲಿಸಿದರೆ ಅವನು ಗಾಳಿಯನ್ನು ಶಪಿಸುತ್ತ ಕುಳಿತುಕೊಳ್ಳುವುದಿಲ್ಲ. ತಾನು ನಿಂತ ಕಡೆಯನ್ನೇ ಬದಲಿಸಿ ತೂರುತ್ತಾನೆ. ಕಾಳು ಅದೇ, ಮೊರ ಅದೇ. ಬದಲಾದುದು ನಿಲುವು ಮಾತ್ರ. ಒಂದು ಸಂಸ್ಥೆಯನ್ನಾಗಲಿ ರಾಜ್ಯವನ್ನಾಗಲಿ ನಡೆಸುವವರಿಗೂ ಇಂತಹ ಗಳಿಗೆಗಳು ಒದಗುತ್ತವೆ. ಮೈಸೂರು ಸಂಸ್ಥಾನಕ್ಕೆ ಅಂತಹ ಗಳಿಗೆ 1914ರಲ್ಲಿ ಒದಗಿತು.

ಶ್ರೀಗಂಧವು ಮೈಸೂರು ನಾಡಿನ ಸಹಜ ಸಂಪತ್ತು. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ಮರವು ಯಾರ ಹೊಲದಲ್ಲಿ ಬೆಳೆದರೂ ಅದು ಸರ್ಕಾರದ್ದು ಎಂಬ ನಿಯಮ ಒಡೆಯರ ಆಳ್ವಿಕೆಯಲ್ಲಿಯೂ ಮುಂದುವರಿಯಿತು. ಕಡಿದ ಕೊರಡುಗಳೂ ಅಗೆದ ಬೇರುಗಳೂ ಗಾಡಿಗಳಲ್ಲಿ ಗಂಧದ ಕೋಠಿಗಳನ್ನು ಸೇರುತ್ತಿದ್ದವು. ಅಲ್ಲಿ ಅವುಗಳನ್ನು ವಿಂಗಡಿಸಿ ಹರಾಜು ಹಾಕಲಾಗುತ್ತಿತ್ತು. ಕೊಂಡವರು ಹಡಗಿನಲ್ಲಿ ಯೂರೋಪಿಗೆ ಸಾಗಿಸುತ್ತಿದ್ದರು. ಅದರಲ್ಲಿ ದೊಡ್ಡ ಪಾಲು ಜರ್ಮನಿಯನ್ನು ಸೇರುತ್ತಿತ್ತು. ಅಲ್ಲಿನ ಕಾರ್ಖಾನೆಗಳು ಅದರಿಂದ ಎಣ್ಣೆ ತೆಗೆದು ಸುಗಂಧದ್ರವ್ಯಗಳಿಗೂ ಔಷಧಗಳಿಗೂ ಒದಗಿಸುತ್ತಿದ್ದವು. ಮರ ನಮ್ಮದು, ಪರಿಮಳದ ಲಾಭ ಪರರದು. ಆದರೂ ಹರಾಜಿನ ಹಣ ಬೊಕ್ಕಸಕ್ಕೆ ತಪ್ಪದೆ ಬರುತ್ತಿದ್ದುದರಿಂದ ಈ ಏರ್ಪಾಡನ್ನು ಬದಲಿಸಬೇಕಾದ ಒತ್ತಡವೇನೂ ಇರಲಿಲ್ಲ.

1914ರ ಆಗಸ್ಟಿನಲ್ಲಿ ಬ್ರಿಟನ್ನಿಗೂ ಜರ್ಮನಿಗೂ ಯುದ್ಧ ಆರಂಭವಾಯಿತು. ಮೈಸೂರಿಗೆ ಅದರಲ್ಲಿ ಆಯ್ಕೆಯ ಮಾತೇ ಇರಲಿಲ್ಲ. ಶತ್ರುರಾಷ್ಟ್ರದೊಡನೆ ವ್ಯಾಪಾರ ನಿಂತುಹೋಯಿತು, ಸಮುದ್ರಯಾನ ಅಪಾಯಕರವಾಯಿತು. ಕೋಠಿಗಳಲ್ಲಿ ಕೊರಡುಗಳು ಉಳಿದವು. ಅರಣ್ಯ ಇಲಾಖೆಯ ವರಮಾನಕ್ಕೆ ಪೆಟ್ಟು ಬಿದ್ದಿತು. ಮರ ಕಡಿಯುವವರು, ಗಾಡಿ ಹೊಡೆಯುವವರು, ಕೊರಡು ಕೆತ್ತಿ ಹಸನು ಮಾಡುವವರು, ಎಲ್ಲರ ಜೀವನವೂ ಆ ಕೊರಡುಗಳನ್ನೇ ನಂಬಿತ್ತು.

ಆಗ ಸಿಂಹಾಸನದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. 1912ರಿಂದ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ಯುದ್ಧ ಮುಗಿಯುವವರೆಗೆ ಕಾಯುವುದು ಒಂದು ದಾರಿ. ಸಿಕ್ಕಿದ ಬೆಲೆಗೆ ಮಾರುವುದು ಇನ್ನೊಂದು. ಮೈಸೂರು ಈ ಎರಡನ್ನೂ ಬಿಟ್ಟು ಮೂರನೆಯದನ್ನು ಆರಿಸಿಕೊಂಡಿತು. ಮರವನ್ನು ಕೊಳ್ಳುವವರಿಲ್ಲವೆಂದರೆ ಎಣ್ಣೆಯನ್ನೇ ಏಕೆ ಮಾರಬಾರದು ಎಂಬುದು ಅದರ ವಿಚಾರ.

ವಿಚಾರ ಸುಲಭ, ಕಾರ್ಯ ಕಠಿನ. ಅತ್ತರು ಬಟ್ಟಿಯಿಳಿಸುವ ಹಳೆಯ ವಿದ್ಯೆ ಭಾರತಕ್ಕೆ ಹೊಸದಲ್ಲ. ಆದರೆ ಯೂರೋಪಿನ ಔಷಧಶಾಸ್ತ್ರ ಒಪ್ಪುವಷ್ಟು ಶುದ್ಧವಾದ ಎಣ್ಣೆಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವುದು ಬೇರೆಯೇ ಮಾತು. ವಿಶ್ವೇಶ್ವರಯ್ಯನವರು ಹೆಸರಾಂತ ಎಂಜಿನಿಯರರಾಗಿದ್ದರೂ ರಸಾಯನಶಾಸ್ತ್ರಜ್ಞರಲ್ಲ. ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದ ಆಲ್‌ಫ್ರೆಡ್ ಚಾಟರ್ಟನ್ ಅವರು ಈ ಕಾರ್ಯದಲ್ಲಿ ತೊಡಗಿದರು. ಮದರಾಸಿನಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಬೆಳೆಸಿದ ಅನುಭವ ಅವರಿಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠಪ್ರವಚನಗಳು ಆರಂಭವಾದುದು 1911ರಲ್ಲಿ. ಅಲ್ಲಿನ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಅವರು ಪ್ರಯೋಗಾಲಯದಲ್ಲಿ ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ವಿಧಾನವನ್ನು ಪರೀಕ್ಷಿಸಿದರು.

ಆ ವಿಧಾನ ಹೀಗಿದೆ. ಮರದ ಚೇಗನ್ನೂ ಬೇರನ್ನೂ ಚಕ್ಕೆ ಮಾಡಿ ಪುಡಿಗೈದು ದೊಡ್ಡ ಕಡಾಯಿಯಲ್ಲಿ ತುಂಬುತ್ತಾರೆ. ಅದರ ಮೂಲಕ ಹಬೆಯನ್ನು ಹಾಯಿಸಿದಾಗ ಎಣ್ಣೆಯು ಆವಿಯಾಗಿ ಹಬೆಯೊಡನೆ ಹೊರಬರುತ್ತದೆ. ಅದನ್ನು ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲಿ ನಿಲ್ಲುತ್ತದೆ. ಗಂಧದೆಣ್ಣೆ ಬೇಗ ಬಿಟ್ಟುಕೊಡುವ ವಸ್ತುವಲ್ಲವಾದುದರಿಂದ ಬಹಳ ಹೊತ್ತು ತಾಳ್ಮೆಯಿಂದ ಹಬೆ ಕೊಡಬೇಕಾಗುತ್ತದೆ.

1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ಕಾರ್ಖಾನೆ ಕೆಲಸವಾರಂಭಿಸಿತು. 1917ರಲ್ಲಿ ಮೈಸೂರಿನಲ್ಲಿ ಮತ್ತೊಂದು ತಲೆಯೆತ್ತಿತು. ಎಣ್ಣೆ ದೊರೆತ ಮೇಲೆ ಮುಂದಿನ ಹೆಜ್ಜೆಯೂ ಹೊಳೆಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ತರುಣ ರಸಾಯನಜ್ಞರನ್ನು ಸಾಬೂನು ತಯಾರಿಕೆ ಕಲಿತು ಬರಲು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರ ಪರಿಶ್ರಮದಿಂದ ರೂಪುಗೊಂಡ ಮೈಸೂರು ಸ್ಯಾಂಡಲ್ ಸಾಬೂನು ಸಂಸ್ಥಾನದ ಹೆಸರನ್ನು ಮನೆಮನೆಗೂ ಮುಟ್ಟಿಸಿತು. ಜನರು ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು.

1918ರ ನವೆಂಬರಿನಲ್ಲಿ ಯುದ್ಧ ನಿಂತಿತು. ಅದೇ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನ ಪದವಿಯನ್ನು ಬಿಟ್ಟರು. ಹಳೆಯ ಮಾರುಕಟ್ಟೆಗೆ ಮರಳುವ ಅವಕಾಶವಿದ್ದರೂ ಕಾರ್ಖಾನೆಗಳನ್ನು ಮುಚ್ಚಲಿಲ್ಲ. ಆರಂಭಿಸಿದವರು ಹೋದ ಮೇಲೂ ಕಾರ್ಯ ನಿಲ್ಲದಿರುವುದೇ ಒಳ್ಳೆಯ ನಾಯಕತ್ವದ ಗುರುತು. ಆ ಉದ್ಯಮವೇ 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೆಂಬ ಸಂಸ್ಥೆಯಾಯಿತು.

ಆದರೆ ಒಮ್ಮೆ ಹೊಂದಿಕೊಂಡವರು ಸದಾ ನಿಶ್ಚಿಂತರಾಗಿರಬಹುದೆಂದಲ್ಲ. ಮುಂದಿನ ದಶಕಗಳಲ್ಲಿ ಕಳ್ಳಸಾಗಣೆಯಿಂದಲೂ ರೋಗದಿಂದಲೂ ಕಾಡಿನ ಗಂಧದ ಮರಗಳೇ ವಿರಳವಾದವು. ತನ್ನ ಹೊಲದಲ್ಲಿ ಹುಟ್ಟಿದ ಸಸಿಯೂ ತನ್ನದಲ್ಲವೆಂದಾಗ ರೈತನಿಗೆ ಅದನ್ನು ಕಾಯುವ ಉತ್ಸಾಹ ಬರುವುದಾದರೂ ಹೇಗೆ? ಮರವನ್ನು ಕಾಪಾಡಲೆಂದು ಹುಟ್ಟಿದ ನಿಯಮವೇ ಮರಕ್ಕೆ ಮುಳುವಾಯಿತು. ಕೊನೆಗೆ 2001ರಲ್ಲಿ ಕಾನೂನನ್ನು ತಿದ್ದಿ ಬೆಳೆದವನನ್ನೇ ಮರದ ಒಡೆಯನನ್ನಾಗಿ ಮಾಡಲಾಯಿತು. ಎಣ್ಣೆಯ ವಿಷಯದಲ್ಲಿ ಎರಡು ವರ್ಷಗಳಲ್ಲಿ ಬದಲಾದ ಆಡಳಿತಕ್ಕೆ ಮರದ ವಿಷಯದಲ್ಲಿ ಬದಲಾಗಲು ಎರಡು ಶತಮಾನಗಳೇ ಬೇಕಾದವು.

ಕಚೇರಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಹೊಸ ಯಂತ್ರ, ಹೊಸ ಪದ್ಧತಿ, ಅನಿರೀಕ್ಷಿತ ವಿಪತ್ತು ಬಂದೇ ಬರುತ್ತವೆ. ಆಗ ಮುಂದಾಳು ಮೊದಲು ಕೇಳಿಕೊಳ್ಳಬೇಕಾದುದು, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು. ಮೈಸೂರು ಗಂಧವನ್ನು ಉಳಿಸಿಕೊಂಡಿತು, ಹರಾಜಿನ ರೂಢಿಯನ್ನು ಬಿಟ್ಟಿತು. ತನಗೆ ತಿಳಿಯದುದನ್ನು ತಿಳಿದವರಿಂದ ಕೇಳಿತು. ಕಲಿಯಬೇಕಾದುದನ್ನು ಕಲಿಯಲು ತನ್ನವರನ್ನು ಕಳುಹಿಸಿತು. ಕಣದ ರೈತನು ಅರಿತಿರುವುದೂ ಇಷ್ಟೇ: ಕಾಳಿನ ಮೇಲೆ ಕಣ್ಣಿಟ್ಟವನು ನಿಂತ ಜಾಗವನ್ನು ಬದಲಿಸಲು ನಾಚುವುದಿಲ್ಲ.