ಸ್ಕೇರ್ಸಿಟಿ: ಪರೀಕ್ಷೆಗೆ ಮುಖ್ಯಾಂಶಗಳು

ಅರ್ಥ: ಬೇಕಾದಷ್ಟು ಸಿಗದಿರುವುದು, ಕೊರತೆ, ಅಭಾವ. ಸೊಲ್ಲಾಪುರ ಜಿಲ್ಲೆಯ ಬೋರಾಮಣಿ, ಅಕ್ಕಲಕೋಟೆ ಕಡೆಯ ಮಕ್ಕಳಿಗೆ ಮರಾಠಿಯ ‘ಟಂಚಾಯಿ’ ಎಂದರೆ ಬೇಗ ತಿಳಿಯುತ್ತದೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಊರಿಗೆ ಬರುವುದು ಈ ಮಾತಿನ ಹೆಸರಲ್ಲೇ.

ಹಿನ್ನೆಲೆ: ಸೊಲ್ಲಾಪುರ ಸಹ್ಯಾದ್ರಿಯ ಮಳೆ ನೆರಳಿನ ಜಿಲ್ಲೆ. ವರ್ಷದ ಸರಾಸರಿ ಮಳೆ ಸುಮಾರು 550 ಮಿ.ಮೀ. ಸೆಪ್ಟೆಂಬರ್ ಮಳೆ ತಪ್ಪಿದರೆ ಹಿಂಗಾರಿ ಜೋಳ ಹೋಯಿತು. ನಗರದ ಬದಿಯ ಏಕರೂಖ (ಹಿಪ್ಪರಗಾ) ಕೆರೆ 1871ರಲ್ಲೇ ಮುಗಿದಿತ್ತು; ಆದರೂ 1876–78ರ ಬರ ಜನರನ್ನು ಬಿಡಲಿಲ್ಲ.

ಕಾನೂನು (ಇದನ್ನು ಬಿಡಬೇಡಿ): ಆ ಬರದ ನಂತರ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಹುಟ್ಟಿದ ಬರಗಾಲ ಸಂಹಿತೆಗಳಲ್ಲಿ ‘ಸ್ಕೇರ್ಸಿಟಿ’ ಒಂದು ಮೆಟ್ಟಿಲು, ‘ಫ್ಯಾಮಿನ್’ ಅದಕ್ಕಿಂತ ಘೋರವಾದ ಮೆಟ್ಟಿಲು. 1963ರಲ್ಲಿ ಮಹಾರಾಷ್ಟ್ರ ಕಾಯ್ದೆಯೊಂದನ್ನು ಮಾಡಿ ರಾಜ್ಯದ ಕಾನೂನುಗಳಿಂದ ‘ಫ್ಯಾಮಿನ್’ ಪದವನ್ನೇ ತೆಗೆದು ‘ಸ್ಕೇರ್ಸಿಟಿ’ ಎಂದು ಬರೆಯಿತು. ಹತ್ತು ವರ್ಷ ತುಂಬುವ ಮೊದಲೇ, 1972ರಲ್ಲಿ, ಭೀಕರ ಬರ ಬಿತ್ತು. ಲಕ್ಷಾಂತರ ಜನ ಕಲ್ಲು ಒಡೆಯುವ, ರಸ್ತೆ ಹಾಕುವ ಕಾಮಗಾರಿಗೆ ಹೋದರು. ಕಾಗದದಲ್ಲಿ ಪದ ಬದಲಾಯಿಸಿದರೆ ಹೊಲಕ್ಕೆ ನೀರು ಬರುವುದಿಲ್ಲ ಎಂಬುದನ್ನು ಈ ಎರಡು ಇಸವಿಗಳನ್ನು ಜೊತೆಗಿಟ್ಟು ಓದಿದವರು ಅರಿಯಬಲ್ಲರು. ಆ ಬರದಿಂದ ಬಲ ಪಡೆದದ್ದು ವಿ. ಸ. ಪಾಗೆಯವರು ರೂಪಿಸಿದ ಉದ್ಯೋಗ ಖಾತರಿ ಯೋಜನೆ: ಕಾಯ್ದೆ 1977, ಜಾರಿ 1979. 2005ರ ರಾಷ್ಟ್ರೀಯ ಉದ್ಯೋಗ ಖಾತರಿ ಕಾಯ್ದೆಗೆ ದಾರಿ ತೋರಿದ್ದು ಇದೇ.

ಅರ್ಥಶಾಸ್ತ್ರ: ಬಯಕೆ ಅಪಾರ, ಸಾಧನ ಮಿತ, ಆದ್ದರಿಂದ ಆಯ್ಕೆ ಅನಿವಾರ್ಯ (ಲಯನಲ್ ರಾಬಿನ್ಸ್, 1932). ‘ಶಾರ್ಟೇಜ್’ ಬೇರೆ: ಇರುವ ಬೆಲೆಗೆ ಬೇಡಿಕೆಯಷ್ಟು ಸರಕು ಸಿಗದಿರುವುದು. ಧಾನ್ಯ ಇದ್ದೂ ಕೊಳ್ಳುವ ಶಕ್ತಿ ಇಲ್ಲದೆ ಜನ ಹಸಿಯಬಹುದು ಎಂದು ತೋರಿಸಿದವರು ಅಮರ್ತ್ಯ ಸೇನ್ (1981).

ಬಳಕೆ: ‘ಸ್ಕೇರ್ಸಿಟಿ’ ನಾಮಪದ, ಮುಂದೆ ‘ಆಫ್’ ಬರುತ್ತದೆ. ‘ಸ್ಕೇರ್ಸ್’ ವಿಶೇಷಣ. ‘ಸ್ಕೇರ್ಸ್‌ಲಿ’ಯಲ್ಲಿ ‘ಇಲ್ಲ’ ಎಂಬ ಭಾವ ಮೊದಲೇ ಇದೆ, ‘ನಾಟ್’ ಸೇರಿಸಿದರೆ ತಪ್ಪು. ಅದರ ಜೋಡಿ ‘ವೆನ್’, ‘ದ್ಯಾನ್’ ಅಲ್ಲ. ಮೇವು, ನೀರು, ಕೂಲಿಯಂಥ ನಿತ್ಯ ಬೇಕಾದದ್ದು ಸಾಲದಾದರೆ ‘ಸ್ಕೇರ್ಸ್’. ಸೊಲ್ಲಾಪುರ ಬಳಿಯ ನಾನ್ನಜ ಹುಲ್ಲುಗಾವಲಿನ ಮಾಳಢೋಕ ಹಕ್ಕಿಯಂತೆ ಕಾಣಸಿಗುವುದೇ ಅಪರೂಪವಾದದ್ದು ‘ರೇರ್’.